ವೀಸಾ ಒಂದು ವರ್ಷ ಇದೆಯಲ್ಲ, ದಿನ ಯಾಕೆ ಎಣಿಸಬೇಕು?

ಓದುಗರ ಪ್ರಶ್ನೆ: ನಾನೂ ನನ್ನ ಹೆಂಡತಿಯೂ ಈಚೆಗೆ ನಿವೃತ್ತರಾದೆವು. ಆತುರವಿಲ್ಲದೆ ಯುರೋಪ್ ನೋಡಬೇಕೆಂಬುದು ಬಹಳ ದಿನದ ಆಸೆ. ಮೇ 5ಕ್ಕೆ ಪ್ಯಾರಿಸ್‌ನಲ್ಲಿ ಇಳಿದು ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿ, ಆಸ್ಟ್ರಿಯಾ ಸುತ್ತಿ ಜುಲೈ 23ಕ್ಕೆ ಲಂಡನ್‌ಗೆ ಹೋಗುತ್ತೇವೆ. ಆಗಸ್ಟ್ 12ಕ್ಕೆ ಜರ್ಮನಿಯಲ್ಲಿರುವ ಮಗಳ ಮನೆಗೆ ಬಂದು, ಸೆಪ್ಟೆಂಬರ್ 14ಕ್ಕೆ ಅಲ್ಲಿಂದ ವಾಪಸ್. ಷೆಂಗೆನ್ ವೀಸಾ (ಯುರೋಪಿನ 29 ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ) ಒಂದು ವರ್ಷದ್ದು, ಮಲ್ಟಿಪಲ್ ಎಂಟ್ರಿ. ಅದರಲ್ಲಿ 90 ದಿನ ಎಂದೂ ಬರೆದಿದೆ. ನಮ್ಮ ಏಜೆಂಟ್ ‘ಮಧ್ಯದಲ್ಲಿ ಲಂಡನ್‌ಗೆ ಹೋಗಿಬರುತ್ತೀರಲ್ಲ, 90 ದಿನದ ಲೆಕ್ಕ ಮತ್ತೆ ಮೊದಲಿಂದ ಶುರುವಾಗುತ್ತದೆ’ ಅನ್ನುತ್ತಾರೆ. ಸ್ನೇಹಿತರೊಬ್ಬರು ‘ಹೇಗೂ 15 ದಿನ ಗ್ರೇಸ್ ಇರುತ್ತದೆ, ತಲೆ ಕೆಡಿಸಿಕೊಳ್ಳಬೇಡಿ’ ಅಂದರು. ಮುಂದಿನ ವರ್ಷ ಮಾರ್ಚ್‌ನಲ್ಲಿ ಅಮೆರಿಕಕ್ಕೆ ಹೋಗಿ ಐದು ತಿಂಗಳು ಮಗನ ಜೊತೆ ಇರುವ ಯೋಚನೆಯೂ ಇದೆ. ಅಲ್ಲಿನ 10 ವರ್ಷದ ವೀಸಾ ಇಬ್ಬರಿಗೂ ಇದೆ. ನನ್ನ ಹೆಂಡತಿಯ ಪಾಸ್‌ಪೋರ್ಟ್ ಮುಂದಿನ ಜುಲೈಗೆ ಮುಗಿಯುತ್ತದೆ. ಯುರೋಪಿನಲ್ಲಿ ನಾಲ್ಕು ದಿನ ಹೆಚ್ಚು ಕಡಿಮೆಯಾದರೆ ಅಮೆರಿಕಕ್ಕೆ ತೊಂದರೆಯಾಗುತ್ತದಾ? ಅಲ್ಲಿರುವಾಗ ಹುಷಾರು ತಪ್ಪಿದರೆ ಏನು ಮಾಡಬೇಕು? ಟಿಕೆಟ್ ಇನ್ನೂ ತೆಗೆದುಕೊಂಡಿಲ್ಲ.

ಉತ್ತರ: ಟಿಕೆಟ್ ತೆಗೆದುಕೊಂಡಿಲ್ಲ ಅನ್ನುವುದೇ ಒಳ್ಳೆಯ ಸುದ್ದಿ. ನೀವು ಬರೆದಿರುವ ತಾರೀಖುಗಳಂತೆಯೇ ಹೋದರೆ ಓವರ್‌ಸ್ಟೇ ಆಗುತ್ತದೆ, ಅಂದರೆ ಅನುಮತಿಯ ದಿನ ಮೀರಿ ಉಳಿದಂತೆ. ಒಂದೆರಡು ದಿನವಲ್ಲ, 24 ದಿನ. ನಿಮ್ಮ ಏಜೆಂಟ್ ಹೇಳಿದ್ದೂ ಸರಿಯಲ್ಲ, ಸ್ನೇಹಿತರು ಹೇಳಿದ್ದೂ ಸರಿಯಲ್ಲ. ಆದರೆ ಪ್ರವಾಸ ಕೈಬಿಡಬೇಕಾಗಿಲ್ಲ. ತಾರೀಖು ಸ್ವಲ್ಪ ಆಚೀಚೆ ಮಾಡಿದರೆ ಸಾಕು. ಅದನ್ನು ಕೊನೆಗೆ ಹೇಳದೆ, ಲೆಕ್ಕದ ಜೊತೆಗೇ ಹೇಳುತ್ತೇನೆ.

ನಿಮ್ಮ ಚಿಂತೆಯ ಬುಡ ಒಂದೇ. ವೀಸಾ ಯಾವಾಗ ಮುಗಿಯುತ್ತದೆ ಅನ್ನುವುದೂ, ಅಲ್ಲಿ ಎಷ್ಟು ದಿನ ಇರಬಹುದು ಅನ್ನುವುದೂ ಒಂದೇ ಅಂತ ನೀವು ಅಂದುಕೊಂಡಿದ್ದೀರಿ. ನಾನು ನೋಡಿರುವ ಓವರ್‌ಸ್ಟೇ ಕೇಸುಗಳಲ್ಲಿ ಬೇಕೆಂದೇ ಉಳಿದುಕೊಂಡವರು ಕಡಿಮೆ. ಈ ಎರಡನ್ನು ಬೆರೆಸಿಕೊಂಡವರೇ ಜಾಸ್ತಿ. ಓದಿದವರು, ಲೆಕ್ಕಪತ್ರದಲ್ಲಿ ಪಳಗಿದವರು ಕೂಡ ಇಲ್ಲೇ ಎಡವುತ್ತಾರೆ.

ಪಾಸ್‌ಪೋರ್ಟ್ ತೆಗೆದು ಷೆಂಗೆನ್ ಸ್ಟಿಕರ್ ನೋಡಿ. ಅದರಲ್ಲಿ ಎರಡು ತಾರೀಖುಗಳಿವೆ, ಇಂಥ ದಿನದಿಂದ ಇಂಥ ದಿನದವರೆಗೆ ಎಂದು. ಅದು ಬಾಗಿಲು ತೆರೆದಿರುವ ಕಾಲ ಮಾತ್ರ. ಆ ಎರಡು ತಾರೀಖುಗಳ ನಡುವೆ ಯಾವಾಗ ಬೇಕಾದರೂ ಒಳಗೆ ಹೋಗಬಹುದು, ಆಚೆ ಬರಬಹುದು. ಪಕ್ಕದಲ್ಲೇ ಎಷ್ಟು ಸಲ ಹೋಗಬಹುದು ಅಂತಿದೆ. ನಿಮ್ಮದರಲ್ಲಿ ‘ಮಲ್ಟ್’ ಎಂದಿರುತ್ತದೆ. ಇನ್ನೊಂದು ಕಡೆ ದಿನಗಳ ಸಂಖ್ಯೆ ಇದೆ, ನಿಮ್ಮದರಲ್ಲಿ 90. ಒಳಗೆ ಎಷ್ಟು ದಿನ ಕಳೆಯಬಹುದು ಅನ್ನುವುದನ್ನು ಹೇಳುವುದು ಇದೊಂದೇ. ಎಲ್ಲರಿಗೂ 90 ಸಿಗುವುದಿಲ್ಲ. ಕೆಲವರಿಗೆ 30 ಇರುತ್ತದೆ, ಕೆಲವರಿಗೆ 15. ಆರು ತಿಂಗಳ ಮಲ್ಟಿಪಲ್ ವೀಸಾ ಕೈಯಲ್ಲಿಟ್ಟುಕೊಂಡು 30 ದಿನದ ಸಾಲು ಓದದೆ ಎರಡು ತಿಂಗಳ ಹೋಟೆಲ್ ಬುಕ್ ಮಾಡಿದವರನ್ನೂ ನೋಡಿದ್ದೇನೆ.

ಈಗ ಏಜೆಂಟ್ ಮಾತಿಗೆ ಬರೋಣ. ಬ್ರಿಟನ್ ಷೆಂಗೆನ್‌ನಲ್ಲಿಲ್ಲ, ಹಾಗಾಗಿ ಲಂಡನ್‌ಗೆ ಹೋದರೆ ಹೊರಗೆ ಹೋದಂತೆಯೇ. ಹೊರಗೆ ಹೋಗಿ ಬಂದರೆ ಲೆಕ್ಕ ಸೊನ್ನೆಯಾಗುತ್ತದೆ ಅನ್ನುವುದು ಯುರೋಪಿನ ಮಟ್ಟಿಗೆ ಶುದ್ಧ ತಪ್ಪು. ಅಲ್ಲಿನ ನಿಯಮ, ಯಾವುದೇ 180 ದಿನಗಳಲ್ಲಿ 90 ದಿನ. ‘ಯಾವುದೇ’ ಅನ್ನುವುದರ ಮೇಲೆ ಗಮನ ಇರಲಿ. ಜನವರಿಯಿಂದ ಜೂನ್, ಜುಲೈಯಿಂದ ಡಿಸೆಂಬರ್ ಅಂತ ವರ್ಷವನ್ನು ಎರಡು ಹೋಳು ಮಾಡಿ ಎಣಿಸುವುದಲ್ಲ. ನೀವು ಒಳಗೆ ಇರುವ ಪ್ರತಿ ದಿನವೂ, ಆ ದಿನವನ್ನೂ ಸೇರಿಸಿ ಹಿಂದಕ್ಕೆ 180 ದಿನ ಎಣಿಸಬೇಕು. ಅಷ್ಟರಲ್ಲಿ ಎಷ್ಟು ದಿನ ಷೆಂಗೆನ್ ಒಳಗಿದ್ದಿರಿ ನೋಡಬೇಕು. 90 ದಾಟಿರಬಾರದು. ನಾಳೆ ಮತ್ತೆ ಇದೇ ಲೆಕ್ಕ, ಒಂದು ದಿನ ಮುಂದಕ್ಕೆ ಸರಿಸಿ. ಹೊರಗಿದ್ದ ದಿನಗಳು ಲೆಕ್ಕಕ್ಕೆ ಸೇರುವುದಿಲ್ಲ, ನಿಜ. ಆದರೆ ಮೊದಲೇ ಖರ್ಚಾದ ದಿನಗಳು ಅದರಿಂದ ವಾಪಸ್ ಬರುವುದಿಲ್ಲ.

ನಿಮ್ಮ ತಾರೀಖುಗಳನ್ನೇ ಇಟ್ಟು ನೋಡೋಣ. ಮೇ 5ರಿಂದ 31ರವರೆಗೆ 27 ದಿನ. ಜೂನ್ ಪೂರ್ತಿ 30, ಒಟ್ಟು 57. ಜುಲೈ 23ರವರೆಗೆ 23, ಅಲ್ಲಿಗೆ 80. ಇಳಿದ ದಿನವೂ ಒಂದು ದಿನ, ಹೊರಟ ದಿನವೂ ಒಂದು ದಿನ. ರಾತ್ರಿ 11ಕ್ಕೆ ಇಳಿದರೂ ಅದು ಪೂರ್ತಿ ಒಂದು ದಿನವೇ. ಹಾಗಾಗಿ ಲಂಡನ್ ವಿಮಾನ ಹತ್ತುವ ಹೊತ್ತಿಗೆ ನಿಮ್ಮ ಕೈಯಲ್ಲಿ ಉಳಿಯುವುದು ಹತ್ತೇ ದಿನ. ಆಗಸ್ಟ್ 12ಕ್ಕೆ ಜರ್ಮನಿಗೆ ಬಂದರೆ ಆ ಹತ್ತು ದಿನ ಆಗಸ್ಟ್ 21ಕ್ಕೆ ಮುಗಿಯಿತು. 22ರ ಬೆಳಗ್ಗೆಯಿಂದ ನೀವು ಮಗಳ ಮನೆಯಲ್ಲಿ ಅನುಮತಿ ಇಲ್ಲದೆ ಕೂತಂತೆ. ಸೆಪ್ಟೆಂಬರ್ 14ಕ್ಕೆ ಒಟ್ಟು 114 ದಿನ. ವೀಸಾದ ಕೊನೆಯ ತಾರೀಖು ಇನ್ನೂ ಎಷ್ಟೋ ತಿಂಗಳು ದೂರ ಇರುತ್ತದೆ, ಅದರಿಂದ ಏನೂ ಉಪಯೋಗವಿಲ್ಲ.

ಇನ್ನೊಂದು ವಿಷಯ. ಆಗಸ್ಟ್ 21ಕ್ಕೆ ಹೊರಟುಬಿಟ್ಟಿರಿ ಅಂದುಕೊಳ್ಳಿ. ಮತ್ತೆ ಯಾವಾಗ ಒಳಗೆ ಹೋಗಬಹುದು? ಮೇ 5 ಅನ್ನುವ ದಿನ 180ರ ಲೆಕ್ಕದಿಂದ ಹಿಂದಕ್ಕೆ ಬೀಳಬೇಕು. ಅದು ಬೀಳುವುದು ನವೆಂಬರ್ 1ಕ್ಕೆ. ಅಲ್ಲಿಯವರೆಗೆ ಒಂದೇ ಒಂದು ದಿನಕ್ಕೂ ಹೋಗುವ ಹಾಗಿಲ್ಲ, ವಿಮಾನ ಬದಲಿಸುವಾಗ ಊರು ನೋಡಿ ಬರುತ್ತೇನೆ ಅಂದರೂ ಇಲ್ಲ.

ಇದನ್ನು ಕೈಯಲ್ಲಿ ಎಣಿಸುವುದು ತಲೆನೋವು ಅನ್ನಿಸಿದರೆ, ಯುರೋಪಿಯನ್ ಕಮಿಷನ್ ತನ್ನ ಜಾಲತಾಣದಲ್ಲಿ ಒಂದು ಕ್ಯಾಲ್ಕುಲೇಟರ್ ಇಟ್ಟಿದೆ. ಹೋದ ತಾರೀಖು, ಬಂದ ತಾರೀಖು ಹಾಕಿದರೆ ಎಷ್ಟು ದಿನ ಬಾಕಿ ಎಂದು ತೋರಿಸುತ್ತದೆ. ಟಿಕೆಟ್ ತೆಗೆಯುವ ಮೊದಲು ಅಲ್ಲಿ ಹಾಕಿ ನೋಡಿ, ಏಜೆಂಟ್ ಎದುರಿಗೇ ಹಾಕಿ ನೋಡಿ.

ಸ್ನೇಹಿತರು ಹೇಳಿದ 15 ದಿನದ ಗ್ರೇಸ್ ಸುಮ್ನೆ ಹುಟ್ಟಿದ ಮಾತಲ್ಲ. ಷೆಂಗೆನ್ ವೀಸಾ ನಿಯಮದಲ್ಲಿ ಅಂಥದ್ದೊಂದು ಇದೆ. ಆದರೆ ಅದರ ಕೆಲಸ ಬೇರೆ. 20 ದಿನದ ಪ್ರವಾಸಕ್ಕೆ ವೀಸಾ ಕೇಳಿದವರಿಗೆ ಸ್ಟಿಕರ್ ಮೇಲಿನ ಎರಡು ತಾರೀಖುಗಳ ನಡುವೆ 35 ದಿನ ಕೊಟ್ಟಿರುತ್ತಾರೆ, ಇರಬಹುದಾದ ದಿನ ಮಾತ್ರ 20 ಎಂದೇ ಬರೆದಿರುತ್ತಾರೆ. ಹೊರಡುವುದು ನಾಲ್ಕು ದಿನ ತಡವಾದರೂ ಪ್ರವಾಸ ಕೆಡಬಾರದು ಅಂತ ಈ ಏರ್ಪಾಡು. ಹೊರಡುವ ದಿನ ಆಚೀಚೆ ಮಾಡಿಕೊಳ್ಳಲು ಇದು ಸಲಿಗೆ ಕೊಡುತ್ತದೆ, ಜಾಸ್ತಿ ಉಳಿಯಲು ಅಲ್ಲ. 90 ಪೂರ್ತಿ ಬಳಸಿಕೊಂಡವರಿಗೆ ಇದರಿಂದ ಒಂದು ಗಂಟೆಯೂ ಸಿಗುವುದಿಲ್ಲ.

‘ಹಿಂದೆ ಯಾರೋ ಹತ್ತು ದಿನ ಜಾಸ್ತಿ ಇದ್ದು ಬಂದರು, ಯಾರೂ ಕೇಳಲಿಲ್ಲ’ ಅನ್ನುವ ಕಥೆಯನ್ನೂ ನೀವು ಕೇಳುತ್ತೀರಿ. ಇರಬಹುದು. ಆಗ ಅಧಿಕಾರಿ ಪಾಸ್‌ಪೋರ್ಟ್ ಹಾಳೆ ತಿರುವಿ, ಮಸುಕಾದ ಸೀಲು ಹುಡುಕಿ, ಬೆರಳಲ್ಲಿ ಎಣಿಸಬೇಕಿತ್ತು. ಹಿಂದೆ ಸಾಲು ದೊಡ್ಡದಿದ್ದರೆ ಎಷ್ಟೋ ಸಲ ಎಣಿಸುತ್ತಿರಲಿಲ್ಲ. ಈಗ ಹಾಗಿಲ್ಲ. 2025ರ ಅಕ್ಟೋಬರ್ 12ರಿಂದ ಇಇಎಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ಹಂತಹಂತವಾಗಿ ತರಲು ಶುರುಮಾಡಿದ್ದಾರೆ. ಮೊದಲ ಸಲ ಮುಖದ ಫೋಟೊ ತೆಗೆಯುತ್ತಾರೆ, ಬೆರಳಚ್ಚು ನೋಡುತ್ತಾರೆ. ಸೀಲಿನ ಜಾಗಕ್ಕೆ ದಾಖಲೆ ಬರುತ್ತದೆ. ಒಳಗೆ ಬಂದ ದಿನ, ಆಚೆ ಹೋದ ದಿನ ಎರಡನ್ನೂ ಯಂತ್ರವೇ ಬರೆದುಕೊಂಡು, ದಿನ ಮೀರಿದವರನ್ನು ತಾನೇ ಗುರುತಿಸುತ್ತದೆ. ಫ್ರಾನ್ಸ್‌ನಲ್ಲಿ ಬಂದು ಜರ್ಮನಿಯಲ್ಲಿ ಹೊರಟರೂ ಲೆಕ್ಕ ಒಂದೇ ಕಡೆ ಇರುತ್ತದೆ.

ಹಾಗಾದರೆ ನೀವು ಮಾಡಬೇಕಾದ್ದೇನು?

ಎಲ್ಲಕ್ಕಿಂತ ಸುಲಭದ ದಾರಿ, ಮೊದಲ ಸುತ್ತನ್ನು ಚಿಕ್ಕದು ಮಾಡುವುದು. ಮಗಳ ಮನೆಯಲ್ಲಿ ಆಗಸ್ಟ್ 12ರಿಂದ ಸೆಪ್ಟೆಂಬರ್ 14ರವರೆಗೆ ಅಂದರೆ 34 ದಿನ. 90ರಲ್ಲಿ ಅದನ್ನು ಕಳೆದರೆ ಮೊದಲ ಸುತ್ತಿಗೆ 56 ದಿನ ಉಳಿಯುತ್ತದೆ, ಅಂದರೆ ಜೂನ್ 29ಕ್ಕೆ ನೀವು ಆಚೆ ಇರಬೇಕು. ಆದರೆ ನಾನು ಯಾರಿಗೂ 90 ಪೂರ್ತಿ ಖರ್ಚು ಮಾಡಿ ಅನ್ನುವುದಿಲ್ಲ. ಜೂನ್ 23ಕ್ಕೇ ಲಂಡನ್‌ಗೆ ಹೊರಡಿ. ಆಗ ಮೊದಲ ಸುತ್ತು 50 ದಿನ, ಒಟ್ಟು 84. ಆರು ದಿನ ಕೈಯಲ್ಲಿ ಉಳಿಯುತ್ತದೆ. ವಿಮಾನ ರದ್ದಾಗಲಿ, ಜ್ವರ ಬರಲಿ, ರೈಲ್ವೆ ಮುಷ್ಕರವಾಗಲಿ, ಆ ಆರು ದಿನ ನಿಮ್ಮನ್ನು ಕಾಯುತ್ತದೆ.

ಆಗ ಷೆಂಗೆನ್ ಹೊರಗೆ ಏಳು ವಾರ ಕಳೆಯಬೇಕಾಗುತ್ತದೆ. ಬ್ರಿಟನ್ನಿನ ಸಾಮಾನ್ಯ ವಿಸಿಟರ್ ವೀಸಾದಲ್ಲಿ ಒಂದು ಸಲಕ್ಕೆ ಆರು ತಿಂಗಳವರೆಗೆ ಇರಬಹುದು, ಹಾಗಾಗಿ ಅಲ್ಲೇ ನಿಧಾನವಾಗಿ ಸ್ಕಾಟ್ಲೆಂಡ್, ವೇಲ್ಸ್ ನೋಡಬಹುದು. ಬೇರೆ ದೇಶ ಸೇರಿಸಿಕೊಳ್ಳುವುದಾದರೆ ಯಾವುದು ಒಳಗೆ, ಯಾವುದು ಹೊರಗೆ ಅನ್ನುವುದನ್ನು ಹಳೆಯ ಪ್ರವಾಸಿ ಪುಸ್ತಕ ನೋಡಿ ತೀರ್ಮಾನಿಸಬೇಡಿ. ಒಂದು ಕಾಲಕ್ಕೆ ‘ಕ್ರೊಯೇಷಿಯಾಗೆ ಹೋಗಿ ಕೂತರೆ ದಿನ ಉಳಿಯುತ್ತದೆ’ ಅಂತ ಎಲ್ಲರೂ ಹೇಳುತ್ತಿದ್ದರು. 2023ರ ಜನವರಿ 1ರಿಂದ ಕ್ರೊಯೇಷಿಯಾ ಷೆಂಗೆನ್ ಒಳಗಿದೆ. ಬಲ್ಗೇರಿಯಾ, ರೊಮೇನಿಯಾ ಕೂಡ 2025ರ ಜನವರಿ 1ರಿಂದ ಪೂರ್ತಿಯಾಗಿ ಸೇರಿಕೊಂಡವು. ಈಗ ಒಟ್ಟು 29 ದೇಶ. ಇನ್ನೂ ಒಂದು ಗೊಂದಲ ಇದೆ. ಸ್ವಿಟ್ಜರ್ಲೆಂಡ್, ನಾರ್ವೆ ಯುರೋಪಿಯನ್ ಯೂನಿಯನ್‌ನಲ್ಲಿ ಇಲ್ಲ, ಆದರೆ ಷೆಂಗೆನ್‌ನಲ್ಲಿವೆ. ಐರ್ಲೆಂಡ್ ಯೂನಿಯನ್‌ನಲ್ಲಿದೆ, ಷೆಂಗೆನ್‌ನಲ್ಲಿಲ್ಲ. ಅಲ್ಬೇನಿಯಾ, ಸರ್ಬಿಯಾ ಎರಡರಲ್ಲೂ ಇಲ್ಲ. ಹೊರಗಿನ ಪ್ರತಿ ದೇಶಕ್ಕೂ ಅದರದ್ದೇ ವೀಸಾ ನಿಯಮ ಇರುತ್ತದೆ, ಅದನ್ನು ಬೇರೆಯಾಗಿ ನೋಡಿಕೊಳ್ಳಬೇಕು.

ಎರಡನೆಯ ದಾರಿ, ಜರ್ಮನಿಯದೋ ಫ್ರಾನ್ಸ್‌ನದೋ ದೀರ್ಘಾವಧಿ ವೀಸಾ, ಅಂದರೆ ‘ಡಿ’ ವೀಸಾ. ಅದು ಕೊಟ್ಟ ದೇಶದಲ್ಲಿ ಕಳೆದ ದಿನ 90ರ ಲೆಕ್ಕಕ್ಕೆ ಬರುವುದಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಅದಕ್ಕೆ ಆ ದೇಶ ಒಪ್ಪುವ ಕಾರಣ ಬೇಕು, ಕಾಗದಪತ್ರ ಜಾಸ್ತಿ, ಕಾಯುವುದೂ ಜಾಸ್ತಿ. ನಾಲ್ಕೈದು ದೇಶ ಸುತ್ತಲು ಹೊರಟವರಿಗೆ ಇದು ಹೊಂದುವುದಿಲ್ಲ. 24 ದಿನಕ್ಕಾಗಿ ಇಷ್ಟು ಒದ್ದಾಟ ಬೇಡ ಅಂತ ನನ್ನ ಅಭಿಪ್ರಾಯ.

ಮೂರನೆಯದು, ಅಲ್ಲಿ ಹೋದ ಮೇಲೆ ವಿಸ್ತರಣೆ ಕೇಳುವುದು. ಪ್ರವಾಸಕ್ಕೆ ಹೋಗುವವರು ಇದನ್ನು ನೆಚ್ಚಿಕೊಳ್ಳಬಾರದು. ಷೆಂಗೆನ್‌ನಲ್ಲಿ ವಿಸ್ತರಣೆ ಸಿಗುವುದು ಕೈಮೀರಿದ ಸಂದರ್ಭಕ್ಕೆ, ಮಾನವೀಯ ಕಾರಣಕ್ಕೆ, ಅಥವಾ ಗಂಭೀರವಾದ ಸ್ವಂತ ಕಾರಣಕ್ಕೆ. ಮೊದಲಿನ ಎರಡಕ್ಕೆ ಶುಲ್ಕವಿಲ್ಲ, ಮೂರನೆಯದಕ್ಕೆ 30 ಯೂರೋ. ‘ಮೊಮ್ಮಗು ಬಿಡುತ್ತಿಲ್ಲ’ ಅನ್ನುವುದು ಈ ಮೂರರಲ್ಲಿ ಯಾವುದಕ್ಕೂ ಬರುವುದಿಲ್ಲ.

ಬೇರೆ ಕಡೆ ಬೇರೆ ರೀತಿ ಇದೆ, ಅದಕ್ಕೇ ಜನ ಗೊಂದಲಕ್ಕೆ ಬೀಳುತ್ತಾರೆ. ಥಾಯ್ಲೆಂಡ್‌ನಲ್ಲಿ ಇಮಿಗ್ರೇಷನ್ ಕಚೇರಿಗೆ ಹೋಗಿ 1,900 ಬಾತ್ ಕಟ್ಟಿ 30 ದಿನ ಮುಂದುವರಿಸಿಕೊಳ್ಳುವುದು ವರ್ಷಗಳಿಂದ ನಡೆದು ಬಂದದ್ದು. ಬಾಲಿಗೆ ಹೋದವರು 30 ದಿನದ ವೀಸಾ ಆನ್ ಅರೈವಲ್ ಅನ್ನು ಇನ್ನೊಂದು 30 ದಿನಕ್ಕೆ ಒಂದು ಸಲ ವಿಸ್ತರಿಸಿಕೊಳ್ಳುತ್ತಾರೆ. ಕೆನಡಾದಲ್ಲಿ ಅವಧಿ ಮುಗಿಯುವ ಮೊದಲೇ ಅರ್ಜಿ ಹಾಕಿದರೆ, ತೀರ್ಮಾನ ಬರುವ ತನಕ ಕಾನೂನಿನ ಪ್ರಕಾರವೇ ಇದ್ದಂತೆ. ಆಸ್ಟ್ರೇಲಿಯಾದಲ್ಲಿ ಮಾತ್ರ ಹುಷಾರು. ನಿಮ್ಮ ವೀಸಾ ಪತ್ರದಲ್ಲಿ 8503 ಎಂಬ ಸಂಖ್ಯೆ ಕಂಡರೆ, ಅಲ್ಲಿದ್ದುಕೊಂಡು ಮತ್ತೊಂದು ವೀಸಾ ಕೇಳುವ ಹಾಗಿಲ್ಲ ಎಂದರ್ಥ. ಜನ ಆ ಪತ್ರವನ್ನು ಹೆಸರು, ತಾರೀಖು ನೋಡಿ ಮಡಚಿಡುತ್ತಾರೆ. ಕೆಳಗಿನ ಸಾಲುಗಳನ್ನೂ ಓದಬೇಕು.

ನಾಲ್ಕನೆಯದು, ಪಕ್ಕದ ದೇಶಕ್ಕೆ ಹೋಗಿ ಹೊಸ ಸೀಲು ಹಾಕಿಸಿಕೊಂಡು ಬರುವುದು, ಅದನ್ನೇ ವೀಸಾ ರನ್ ಅನ್ನುತ್ತಾರೆ. ಷೆಂಗೆನ್‌ನಲ್ಲಿ ಇದಕ್ಕೆ ಅರ್ಥವೇ ಇಲ್ಲ ಎಂದು ಮೇಲೆ ನೋಡಿದೆವು. ಆಗ್ನೇಯ ಏಷ್ಯಾದ ಕೆಲವು ಕಡೆ ಕಾಗದದ ಮೇಲೆ ನಡೆಯುತ್ತದೆ. ಆದರೆ ಒಳಗೆ ಬಿಡುವುದು ಬಿಡದಿರುವುದು ಗಡಿಯಲ್ಲಿ ಕೂತ ಅಧಿಕಾರಿಯ ಕೈಯಲ್ಲಿದೆ. ಒಂದರ ಹಿಂದೆ ಒಂದು ಸೀಲು ಕಂಡರೆ ‘ಇವರು ಪ್ರವಾಸಿಗರಲ್ಲ, ಇಲ್ಲೇ ವಾಸ ಮಾಡುತ್ತಿದ್ದಾರೆ’ ಅನ್ನಿಸುವುದು ಸಹಜ ಅಲ್ವಾ? ನಿವೃತ್ತ ದಂಪತಿ, ಸೂಟ್‌ಕೇಸು ಹೋಟೆಲ್‌ನಲ್ಲಿ ಬಿಟ್ಟು ಗಡಿಗೆ ಹೋಗಿ, ವಾಪಸ್ ಬಿಡದೆ ಹೊರಗೇ ನಿಂತರೆ ಹೇಗಿರುತ್ತದೆ ಯೋಚಿಸಿ. ನಾನು ಇದನ್ನು ಯಾರಿಗೂ ಹೇಳುವುದಿಲ್ಲ.

ಇನ್ನು ಮೀರಿದರೆ ಏನಾಗುತ್ತದೆ ಅನ್ನುವ ಮಾತು. ಕೆಲವು ದೇಶಗಳಲ್ಲಿ ದರ ನಿಗದಿಯಾಗಿದೆ. ಥಾಯ್ಲೆಂಡ್‌ನಲ್ಲಿ ದಿನಕ್ಕೆ 500 ಬಾತ್, ಹೆಚ್ಚೆಂದರೆ 20,000. ಇಂಡೋನೇಷ್ಯಾದಲ್ಲಿ ದಿನಕ್ಕೆ ಅಲ್ಲಿನ ಹಣದಲ್ಲಿ 10 ಲಕ್ಷ ರುಪಿಯಾ, 60 ದಿನ ದಾಟಿದರೆ ದಂಡದ ಮಾತಿಲ್ಲ, ದೇಶದಿಂದ ಹೊರಹಾಕುತ್ತಾರೆ. ದರ ಗೊತ್ತಿರುವುದರಿಂದ ಕೆಲವರು ಇದನ್ನು ಬಾಡಿಗೆಯ ಹಾಗೆ ಲೆಕ್ಕ ಹಾಕುತ್ತಾರೆ, ‘ಎರಡು ದಿನ ತಾನೇ, ಕಟ್ಟಿದರಾಯಿತು’ ಅಂತ. ದಂಡ ಕಟ್ಟಿದರೆ ಹಣದ ಲೆಕ್ಕ ಮುಗಿಯಬಹುದು, ದಾಖಲೆ ಅಳಿಯುವುದಿಲ್ಲ. ಥಾಯ್ಲೆಂಡ್‌ನಲ್ಲೇ 90 ದಿನಕ್ಕಿಂತ ಹೆಚ್ಚು ಮೀರಿ, ತಾವಾಗಿಯೇ ಹೊರಟವರಿಗೂ ಒಂದು ವರ್ಷ ಪ್ರವೇಶವಿಲ್ಲ. ಪೊಲೀಸರ ಕೈಗೆ ಸಿಕ್ಕಿಬಿದ್ದರೆ ಮೀರಿದ್ದು ಕೆಲವೇ ದಿನವಾದರೂ ಐದು ವರ್ಷ. ಬ್ರಿಟನ್ 30 ದಿನದೊಳಗಿನ ಮೀರಿಕೆಯನ್ನು, ಸ್ವಂತ ಖರ್ಚಿನಲ್ಲಿ ತಾವಾಗಿಯೇ ಹೊರಟವರಿಗೆ, ನಿಷೇಧಕ್ಕೆ ಪರಿಗಣಿಸುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ಕನಿಷ್ಠ ಒಂದು ವರ್ಷ. ಆಸ್ಟ್ರೇಲಿಯಾದಲ್ಲಿ 28 ದಿನ ದಾಟಿದರೆ ಮೂರು ವರ್ಷದವರೆಗೆ ತಾತ್ಕಾಲಿಕ ವೀಸಾ ಸಿಗುವುದು ಕಷ್ಟ.

ಷೆಂಗೆನ್ ದೇಶಗಳಲ್ಲಿ ಒಂದೇ ದರ ಇಲ್ಲ. ಒಂದು ಕಡೆ ಎಚ್ಚರಿಕೆ ಕೊಟ್ಟು ಕಳಿಸಬಹುದು, ಇನ್ನೊಂದು ಕಡೆ ದಂಡ ಹಾಕಬಹುದು, ಮತ್ತೊಂದು ಕಡೆ ಪ್ರವೇಶ ನಿಷೇಧವನ್ನೇ ಹಾಕಬಹುದು. ನಿಷೇಧ ಹಾಕಿದರೆ ಅದು ಷೆಂಗೆನ್ ಮಾಹಿತಿ ವ್ಯವಸ್ಥೆಗೆ ಹೋಗುತ್ತದೆ, 29 ದೇಶಗಳಿಗೂ ಕಾಣುತ್ತದೆ. ನಿಮಗೆ ಇದರಲ್ಲಿ ಅತಿ ಹೆಚ್ಚು ನೋಯುವುದು ಯಾವುದು ಗೊತ್ತೇ? ದಂಡವಲ್ಲ. ಮಗಳು ಅಲ್ಲಿದ್ದಾಳೆ. ಮುಂದೆ ಅವಳಿಗೆ ನಿಮ್ಮ ಅಗತ್ಯ ಬಿದ್ದಾಗ ವೀಸಾ ಸಿಗದೆ ಹೋಗುವುದು.

‘ಯುರೋಪಿನಲ್ಲಿ ಆದದ್ದು ಅಮೆರಿಕಕ್ಕೆ ಹೇಗೆ ಗೊತ್ತಾಗುತ್ತದೆ’ ಎಂದು ನೀವು ನೇರವಾಗಿ ಕೇಳಿಲ್ಲ, ಆದರೆ ಪ್ರಶ್ನೆಯ ಒಳಗೆ ಅದಿದೆ. ಯುರೋಪಿನಲ್ಲಿ ನಾಲ್ಕು ದಿನ ಮೀರಿದ್ದಕ್ಕೆ ನಿಮ್ಮ ಅಮೆರಿಕ ವೀಸಾ ತಾನಾಗಿ ರದ್ದಾಗುವುದಿಲ್ಲ. ಆದರೆ ಗಡಿಯಲ್ಲಿ ಅಧಿಕಾರಿ ಹಿಂದಿನ ಪ್ರವಾಸದ ಬಗ್ಗೆ ಕೇಳಬಹುದು. ಬ್ರಿಟನ್ನಿನ ಅರ್ಜಿ, ಬೇರೆ ಯಾವುದೇ ದೇಶ ವೀಸಾ ನಿರಾಕರಿಸಿತ್ತೇ, ಹೊರಹಾಕಿತ್ತೇ ಎಂದು ನೇರವಾಗಿಯೇ ಕೇಳುತ್ತದೆ. ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು. ಸುಳ್ಳು ಬರೆದು ಸಿಕ್ಕಿಬಿದ್ದರೆ ಬ್ರಿಟನ್‌ನಲ್ಲಿ 10 ವರ್ಷ ನಿಷೇಧ. ನಾಲ್ಕು ದಿನದ ಓವರ್‌ಸ್ಟೇಗಿಂತ ಅದನ್ನು ಮುಚ್ಚಿಟ್ಟದ್ದು ಎಷ್ಟೋ ಪಾಲು ದೊಡ್ಡ ತಪ್ಪಾಗಿಬಿಡುತ್ತದೆ.

ಇನ್ನು ಅಮೆರಿಕ. ಅಲ್ಲಿ 10 ವರ್ಷದ ವೀಸಾ ಇದೆ ಅಂದರೆ ಹತ್ತು ವರ್ಷದಲ್ಲಿ ಯಾವಾಗ ಬೇಕಾದರೂ ಬಾಗಿಲಿಗೆ ಹೋಗಿ ನಿಲ್ಲಬಹುದು ಅಂತ ಮಾತ್ರ. ಎಷ್ಟು ದಿನ ಇರಬಹುದು ಅನ್ನುವುದನ್ನು ಇಳಿದ ದಿನ ವಿಮಾನ ನಿಲ್ದಾಣದ ಅಧಿಕಾರಿ ತೀರ್ಮಾನಿಸುತ್ತಾರೆ. ಅದು ಐ-94 ಎಂಬ ದಾಖಲೆಯಲ್ಲಿ ಇರುತ್ತದೆ. ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ಆದರೆ ಪಾಸ್‌ಪೋರ್ಟ್ ಅದಕ್ಕಿಂತ ಮೊದಲು ಮುಗಿಯುವುದಾದರೆ ಎಷ್ಟೋ ಸಲ ಪಾಸ್‌ಪೋರ್ಟ್ ಮುಗಿಯುವ ದಿನಕ್ಕೇ ನಿಲ್ಲಿಸುತ್ತಾರೆ. ನನ್ನ ಬಳಿ ಬಂದಿದ್ದ ಒಬ್ಬ ತಾಯಿಗೆ ಹೀಗೇ ಆಗಿತ್ತು. ಗಂಡನಿಗೆ ಆರು ತಿಂಗಳು, ಆಕೆಗೆ ನಾಲ್ಕು ತಿಂಗಳಿಗೂ ಕಡಿಮೆ. ಒಂದೇ ಕೌಂಟರ್, ಒಂದೇ ಹೊತ್ತು. ಗಂಡನ ತಾರೀಖನ್ನೇ ಇಬ್ಬರದೂ ಅಂದುಕೊಂಡರು. ವಾಪಸ್ ಬರುವ ವಾರ ಮಗ ಜಾಲತಾಣದಲ್ಲಿ ನೋಡಿದಾಗಲೇ ಗೊತ್ತಾದದ್ದು. ಅಷ್ಟರಲ್ಲಿ ಆಕೆಯ ವೀಸಾ ಕಾನೂನಿನ ಪ್ರಕಾರ ತಾನಾಗಿಯೇ ರದ್ದಾಗಿತ್ತು. ಅಮೆರಿಕದಲ್ಲಿ ಒಂದು ದಿನ ಮೀರಿದರೂ ಆ ವೀಸಾ ಮತ್ತೆ ಕೆಲಸಕ್ಕೆ ಬರುವುದಿಲ್ಲ. 180 ದಿನ ಮೀರಿ ಹೊರಟರೆ ಮೂರು ವರ್ಷ, ಒಂದು ವರ್ಷ ಮೀರಿ ಹೊರಟರೆ 10 ವರ್ಷ ಪ್ರವೇಶವಿಲ್ಲ.

ನಿಮ್ಮ ಹೆಂಡತಿಯ ಪಾಸ್‌ಪೋರ್ಟ್ ಜುಲೈಗೆ ಮುಗಿಯುತ್ತದೆ, ನೀವು ಆಗಸ್ಟ್‌ವರೆಗೆ ಇರಬೇಕೆಂದಿದ್ದೀರಿ. ಇದೇ ಕಥೆ ಮರುಕಳಿಸಲು ಎಲ್ಲವೂ ಸಿದ್ಧವಾಗಿದೆ. ಯುರೋಪಿನಿಂದ ಬಂದ ಮೇಲೆ, ಅಮೆರಿಕಕ್ಕೆ ಹೊರಡುವ ಮೊದಲು ಹೊಸ ಪಾಸ್‌ಪೋರ್ಟ್ ಮಾಡಿಸಿಬಿಡಿ. ಯುರೋಪಿಗೆ ಹೋಗುವ ಮೊದಲು ಮಾಡಿಸಬೇಡಿ, ಷೆಂಗೆನ್ ಸ್ಟಿಕರ್ ಹಳೆಯದರಲ್ಲಿದೆ. ಷೆಂಗೆನ್‌ನಿಂದ ವಾಪಸ್ ಹೊರಡುವ ತಾರೀಖಿನಿಂದ ಮೂರು ತಿಂಗಳು ಮುಂದಕ್ಕೆ ಪಾಸ್‌ಪೋರ್ಟ್ ಇರಬೇಕು, ಅಷ್ಟು ಇದೆ. ಅಮೆರಿಕದ ವೀಸಾ ಹಳೆಯ ಪಾಸ್‌ಪೋರ್ಟ್‌ನಲ್ಲಿದ್ದರೂ ನಡೆಯುತ್ತದೆ, ಎರಡನ್ನೂ ಒಟ್ಟಿಗೆ ಒಯ್ದರೆ ಆಯಿತು. ಇಳಿದ ಎರಡು ಮೂರು ದಿನದಲ್ಲಿ ಅಲ್ಲಿನ ಗಡಿ ಇಲಾಖೆ ಸಿಬಿಪಿಯ ಜಾಲತಾಣದಲ್ಲಿ ಇಬ್ಬರ ಐ-94 ಅನ್ನೂ ಬೇರೆಬೇರೆಯಾಗಿ ತೆಗೆದು ಪ್ರಿಂಟ್ ಮಾಡಿಕೊಳ್ಳಿ. ಜಾಸ್ತಿ ದಿನ ಬೇಕೆನಿಸಿದರೆ ಐ-539 ಅರ್ಜಿ ಇದೆ. ಅವಧಿ ಮುಗಿಯಲು ಕಡಿಮೆಯೆಂದರೆ 45 ದಿನ ಇರುವಾಗ ಹಾಕಿ ಎಂದು ಅವರೇ ಹೇಳುತ್ತಾರೆ.

ದಿನ ತಪ್ಪಲು ಇನ್ನೂ ಕೆಲವು ಸಣ್ಣ ಕಾರಣಗಳಿವೆ. 90 ದಿನ ಅಂದರೆ ಮೂರು ತಿಂಗಳಲ್ಲ. ಜುಲೈ 1ಕ್ಕೆ ಇಳಿದರೆ 90ನೇ ದಿನ ಸೆಪ್ಟೆಂಬರ್ 28. ತಿಂಗಳ ಕೊನೆಗೆ ಟಿಕೆಟ್ ತೆಗೆದವರು ಎರಡು ದಿನ ಮೀರಿದಂತೆ. ಹಾಗೇ ಮಧ್ಯರಾತ್ರಿಯ ವಿಮಾನ. ‘14ರ ರಾತ್ರಿ’ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿರುತ್ತಾರೆ, ಟಿಕೆಟ್‌ನಲ್ಲಿ 15, 00.40 ಎಂದಿರುತ್ತದೆ. ಇನ್ನು ಷೆಂಗೆನ್‌ನಲ್ಲಿ ಆಚೆ ಹೋದ ದಾಖಲೆ ಬೀಳುವುದು ನೀವು ಹೊರಟ ಊರಲ್ಲಲ್ಲ, ಷೆಂಗೆನ್‌ನ ಕೊನೆಯ ವಿಮಾನ ನಿಲ್ದಾಣದಲ್ಲಿ. ಮ್ಯೂನಿಕ್‌ನಲ್ಲಿ ಹತ್ತಿ ಪ್ಯಾರಿಸ್‌ನಲ್ಲಿ ವಿಮಾನ ಬದಲಿಸುವುದಾದರೆ ಪ್ಯಾರಿಸ್‌ನ ಕೌಂಟರ್ ದಾಟಿದಾಗಲೇ ನೀವು ಆಚೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿ, ಹೋಟೆಲ್‌ನಲ್ಲಿ ರಾತ್ರಿ ಕಳೆದರೆ ಮರುದಿನವೂ ಲೆಕ್ಕಕ್ಕೆ ಬಂತು. ಕೈಯಲ್ಲಿ ಆರು ದಿನ ಇರಲಿ ಅಂದದ್ದು ಇದಕ್ಕೇ.

ಹುಷಾರು ತಪ್ಪಿದರೆ? ಮೊದಲ ಮಾತು, ಅನುಮತಿ ಮುಗಿಯುವ ಮೊದಲೇ ಓಡಾಡಬೇಕು. ಮುಗಿದ ಮೇಲೆ ಕೊಡುವ ಕಾರಣ ಎಷ್ಟೇ ನಿಜವಾಗಿದ್ದರೂ ಅದು ಸಮಜಾಯಿಷಿಯಾಗುತ್ತದೆ. ಆಸ್ಪತ್ರೆಯಿಂದ ಪತ್ರ ಬೇಕು, ಅದರಲ್ಲಿ ಕಾಯಿಲೆ ಏನು ಅನ್ನುವುದಕ್ಕಿಂತ, ಇಂಥ ತಾರೀಖಿನವರೆಗೆ ವಿಮಾನ ಪ್ರಯಾಣ ಮಾಡಬಾರದು ಅನ್ನುವ ಸಾಲು ಮುಖ್ಯ. ಅದನ್ನು ತೆಗೆದುಕೊಂಡು ಹೋಗಬೇಕಾದ್ದು ನಿಮ್ಮ ದೇಶದ ರಾಯಭಾರ ಕಚೇರಿಗಲ್ಲ, ನೀವಿರುವ ಊರಿನ ವಿದೇಶಿಯರ ಕಚೇರಿಗೆ. ಜರ್ಮನಿಯಲ್ಲಿ ಅದಕ್ಕೆ ಔಸ್ಲೆಂಡರ್‌ಬೆಹೋರ್ಡೆ ಅನ್ನುತ್ತಾರೆ, ನಿಮ್ಮ ಮಗಳಿಗೆ ಗೊತ್ತಿರುತ್ತದೆ. ನೀವೇ ಏಳಲಾರದೆ ಇದ್ದರೆ ಮಗಳು ಕರೆ ಮಾಡಿ, ಇಮೇಲ್ ಕಳಿಸಿ ವಿಷಯ ತಿಳಿಸಲಿ. ಇಂಥ ದಿನ ತಿಳಿಸಿದ್ದೆವು ಅನ್ನುವುದಕ್ಕೆ ಬರಹದಲ್ಲಿ ಏನಾದರೂ ಇರಬೇಕು. ವಿಮಾನ ರದ್ದಾದರೂ ಅಷ್ಟೇ, ವಿಮಾನ ಕಂಪನಿಯಿಂದ ಬರಹದಲ್ಲಿ ತೆಗೆದುಕೊಳ್ಳಿ. ಪಾಸ್‌ಪೋರ್ಟ್ ಕಳೆದರೆ ಮಾತ್ರ ಮೊದಲು ಪೊಲೀಸ್ ದೂರು, ಆಮೇಲೆ ನಿಮ್ಮ ರಾಯಭಾರ ಕಚೇರಿ, ಆಮೇಲೆ ವಿದೇಶಿಯರ ಕಚೇರಿ.

ಒಂದು ವೇಳೆ ಮೀರಿಯೇ ಹೋಯಿತು ಅಂದುಕೊಳ್ಳಿ. ಆದಷ್ಟು ಬೇಗ ಹೊರಡಿ, ನೇರವಾದ ದಾರಿಯಲ್ಲೇ ಹೊರಡಿ. ಯಾವ ದೇಶದ ವಿಮಾನ ನಿಲ್ದಾಣದಲ್ಲಿ ಕಡಿಮೆ ಕೇಳುತ್ತಾರೆ ಅಂತ ಹುಡುಕಿಕೊಂಡು ಹೋಗಬೇಡಿ. ಕೌಂಟರ್‌ನಲ್ಲಿ ಕೇಳಿದ್ದಕ್ಕೆ ಉತ್ತರ ಕೊಡಿ, ಕಾಗದ ತೋರಿಸಿ. ದಂಡ ಹಾಕಿದರೆ ರಸೀದಿ ಇಸಿದುಕೊಳ್ಳಿ. ಯಾವುದಾದರೂ ಪತ್ರಕ್ಕೆ ಸಹಿ ಹಾಕಿಸಿಕೊಂಡರೆ ಅದರ ಪ್ರತಿ ಕೇಳಿ, ಅರ್ಥವಾಗದ ಭಾಷೆಯಲ್ಲಿದ್ದರೆ ಏನೆಂದು ವಿವರಿಸಲು ಹೇಳಿ. ನಿಷೇಧ ಹಾಕಿದ್ದಾರೋ ಇಲ್ಲವೋ ಎಂಬುದು ಆ ಪತ್ರದಲ್ಲೇ ಇರುತ್ತದೆ, ಮೇಲ್ಮನವಿಗೆ ಎಷ್ಟು ದಿನ ಅನ್ನುವುದೂ ಅದರಲ್ಲೇ ಇರುತ್ತದೆ.

ಇನ್ನೊಂದು, ವಿಮೆ. ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ವಿಮೆ ಕೇಳುತ್ತಾರೆ, ಅರ್ಜಿ ಹಾಕುವಾಗ ನೀವೂ ಮಾಡಿಸಿರುತ್ತೀರಿ. ಮಲ್ಟಿಪಲ್ ವೀಸಾದವರು ಮೊದಲ ಪ್ರವಾಸಕ್ಕಷ್ಟೇ ವಿಮೆ ತೋರಿಸಿರುತ್ತಾರೆ, ಎರಡನೆಯ ಸಲ ಒಳಗೆ ಹೋಗುವ ಹೊತ್ತಿಗೆ ಅದು ಮುಗಿದಿರುತ್ತದೆ. ನಿಮ್ಮ ಪಾಲಿಸಿ ಸೆಪ್ಟೆಂಬರ್ 14ರಾಚೆಗೂ ಒಂದು ವಾರ ಇರುವಂತೆ, ಲಂಡನ್ ದಿನಗಳೂ ಸೇರುವಂತೆ ತೆಗೆದುಕೊಳ್ಳಿ. ಹಾಗೇ ಬದಲಾಯಿಸಬಹುದಾದ ಟಿಕೆಟ್ ತೆಗೆದುಕೊಳ್ಳಿ, ಕಡೇಪಕ್ಷ ವಾಪಸ್ ಬರುವುದಾದರೂ. ನಾನು ಹೇಳಿದ ತಾರೀಖುಗಳಿಗೆ ಲಂಡನ್ ವೀಸಾ ಹೊಂದುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. ಅದು ಜುಲೈನಿಂದ ಶುರುವಾಗುವುದಾದರೆ ಜೂನ್ 23ಕ್ಕೆ ಅಲ್ಲಿಗೆ ಹೋಗಲಾಗುವುದಿಲ್ಲ. ಆಗ ಪ್ಯಾರಿಸ್‌ಗೆ ಇಳಿಯುವ ದಿನವನ್ನೇ ಮೇ 5ರ ಬದಲು ಜೂನ್ 4ಕ್ಕೆ ತಳ್ಳಿ. ಲಂಡನ್‌ಗೆ ಹೊರಡುವುದು ಜುಲೈ 23ಕ್ಕೇ ಇರಲಿ, ಆಗಲೂ ಮೊದಲ ಸುತ್ತು 50 ದಿನ, ಒಟ್ಟು 84. ಉಳಿದ ತಾರೀಖು ಯಾವುದನ್ನೂ ಮುಟ್ಟಬೇಕಾಗಿಲ್ಲ.